ಕರುಳಿನ ಕಾವಲುಗಾರರು

‘ಹೊಟ್ಟೆಯೊಳಗೆ ಕ್ರಿಮಿ ಹೋದರೆ ಯಾರು ಹೊಡೀತಾರೆ?’ ಎಂದು ಮಕ್ಕಳು ಕೇಳುವುದುಂಟು. ಆ ಹೊಡೆಯುವವರಿಗೆ ಇನ್ನೊಂದು ಕೆಲಸವೂ ಇದೆ: ಕರುಳಿನ ಕ್ಯಾನ್ಸರ್ ತಡೆಯುವುದು. ಈ ಸಲ ಅದರ ಬಗ್ಗೆ ತಿಳಿಯೋಣ.

ಕರುಳಿನ ಒಳಪದರ ಒಂದೇ ಜೀವಕೋಶದಷ್ಟು ತೆಳು. ಮೂರರಿಂದ ಐದು ದಿನಕ್ಕೊಮ್ಮೆ ಅದು ಹೊಸದಾಗುತ್ತದೆ. ಇಷ್ಟು ಬೇಗಬೇಗ ಕೋಶಗಳು ಹುಟ್ಟುವಾಗ ಡಿಎನ್ಎ ನಕಲಿನಲ್ಲಿ ತಪ್ಪುಗಳಾಗುತ್ತವೆ. ಹೆಚ್ಚಿನವನ್ನು ಕೋಶವೇ ತಿದ್ದಿಕೊಳ್ಳುತ್ತದೆ. ಉಳಿದದ್ದನ್ನು ಗಮನಿಸಲು ಆ ಪದರದೊಳಗೇ ಟಿ ಕೋಶಗಳು ಬೀಡುಬಿಟ್ಟಿವೆ.

ಅವು ಕೆಟ್ಟ ಕೋಶವನ್ನು ಗುರುತಿಸುವುದು ಹೇಗೆ? ಪ್ರತಿ ಕೋಶವೂ ತನ್ನೊಳಗಿನ ಪ್ರೋಟೀನಿನ ತುಣುಕುಗಳನ್ನು ಹೊರಗೆ ತೋರಿಸುತ್ತಿರುತ್ತದೆ, ಗೇಟಿನಲ್ಲಿ ಐಡಿ ಕಾರ್ಡ್ ತೋರಿಸಿದ ಹಾಗೆ. ತುಣುಕು ವಿಚಿತ್ರವಾಗಿದ್ದರೆ ಟಿ ಕೋಶ ಅದನ್ನು ಕೊಲ್ಲುತ್ತದೆ. ಗಡ್ಡೆಯೂ ಜಾಣ. ಕೆಲವೊಮ್ಮೆ ಕಾರ್ಡನ್ನೇ ಬಚ್ಚಿಡುತ್ತದೆ, ಕೆಲವೊಮ್ಮೆ ಟಿ ಕೋಶದ ಮೇಲಿರುವ ಪಿಡಿ-1 ಎಂಬ ಬ್ರೇಕನ್ನು ಒತ್ತುತ್ತದೆ.

ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 15% ಗಡ್ಡೆಗಳಲ್ಲಿ ನಕಲು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ತಪ್ಪುಗಳು ರಾಶಿ ಬೀಳುವುದರಿಂದ ಕಾವಲುಗಾರರಿಗೆ ಗುರುತು ಹಿಡಿಯುವುದು ಸುಲಭ. ಬ್ರೇಕ್ ಬಿಡಿಸಿದರೆ ಅನೇಕ ಸಲ ಅಷ್ಟೇ ಸಾಕಾಗುತ್ತದೆ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ವೈದ್ಯರು ಇಂಥ ಗುದನಾಳದ ಕ್ಯಾನ್ಸರ್ ಇದ್ದವರಿಗೆ ಡೊಸ್ಟಾರ್ಲಿಮ್ಯಾಬ್ ಎಂಬ ಔಷಧಿ ಕೊಟ್ಟು 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ಚಿಕಿತ್ಸೆ ಮುಗಿಸಿದ 12 ಜನರಲ್ಲೂ ಗಡ್ಡೆ ಕಾಣದಾಯಿತು. 2023ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇನ್ನೊಂದು ಸಂಗತಿ ತೋರಿಸಿದರು: ಗಡ್ಡೆ ಕಾರ್ಡ್ ಬಚ್ಚಿಟ್ಟಾಗಲೂ ಗಾಮಾ-ಡೆಲ್ಟಾ ಎಂಬ ಟಿ ಕೋಶಗಳು ಅದನ್ನು ಹಿಡಿಯಬಲ್ಲವು. ಅವಕ್ಕೆ ಕಾರ್ಡ್ ಬೇಕಿಲ್ಲ.

ಇದು ನಿಮ್ಮ ಮನೆಗೆ ಯಾಕೆ ಮುಖ್ಯ? ತಿದ್ದುವ ವ್ಯವಸ್ಥೆಯ ಈ ದೋಷ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಬರುತ್ತದೆ. ಅದಕ್ಕೆ ಲಿಂಚ್ ಸಿಂಡ್ರೋಮ್ ಎಂದು ಹೆಸರು. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ 50%. ಇಲ್ಲಿನ ವೈದ್ಯರು ಫಾರ್ಮಿನಲ್ಲಿ ಕುಟುಂಬದ ಕಾಯಿಲೆಗಳ ಬಗ್ಗೆ ಕೇಳಿದಾಗ ನಾವು ‘ಏನೂ ಇಲ್ಲ’ ಎಂದು ಬರೆದುಬಿಡುತ್ತೇವೆ. ಊರಿನಲ್ಲಿ ಮಾತ್ರ ಉತ್ತರ ಬೇರೆ ಇರಬಹುದು: ‘ದೊಡ್ಡಪ್ಪ ಹೊಟ್ಟೆಗಡ್ಡೆ ಆಗಿ ಹೋದರು’, ‘ಅತ್ತೆಗೆ ಗರ್ಭಕೋಶ ತೆಗೆಸಿದ್ದರು’. ಲಿಂಚ್ ಇದ್ದರೆ ಗರ್ಭಕೋಶದ ಕ್ಯಾನ್ಸರ್ ಅಪಾಯವೂ ಹೆಚ್ಚು.

ಹಾಗಾಗಿ ಈ ಭಾನುವಾರ ಅಮ್ಮನಿಗೋ ಅಪ್ಪನಿಗೋ ಫೋನ್ ಮಾಡಿದಾಗ ಕೇಳಿ: ಯಾರಿಗೆ, ಎಷ್ಟನೇ ವಯಸ್ಸಿನಲ್ಲಿ, ಯಾವ ಕಾಯಿಲೆ? 50ಕ್ಕೆ ಮೊದಲೇ ಬಂದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಬೇಡಿ. ಅಮೆರಿಕದಲ್ಲಿ 45ರಿಂದ, ಇಂಗ್ಲೆಂಡಿನಲ್ಲಿ 50ರಿಂದ ತಪಾಸಣೆ ಇದೆ. ಇಂಗ್ಲೆಂಡಿನಲ್ಲಿ ಕಿಟ್ ಅಂಚೆಯಲ್ಲಿ ಮನೆಗೇ ಬರುತ್ತದೆ. ಬಂದ ಕಿಟ್ಟನ್ನು ಕಪಾಟಿನಲ್ಲಿ ಇಡದೆ ಆ ವಾರವೇ ಕಳಿಸಿಬಿಡಿ.