ಊಟಕ್ಕೆ ಯಾವ ಊರು?

ನಮ್ಮ ಮನೆಯಲ್ಲಿ ನೆಂಟರಿಷ್ಟರು ಸೇರಿದಾಗ ರಾಜಕೀಯ ಮಾತಾಡಬಾರದು ಅಂತ ಒಂದು ನಿಯಮ ಇದೆ. ಇಪ್ಪತ್ತೆರಡು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ, ಎಷ್ಟೋ ಸ್ನೇಹಗಳು ಉಳಿದಿರೋದೇ ಆ ನಿಯಮದಿಂದ. ಊಟದ ಮಾತಿನಲ್ಲಿ ಏನು ಅಪಾಯ ಅಂದುಕೊಂಡಿದ್ದೆ. ಹೋದ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಆ ಭ್ರಮೆಯೂ ಹೋಯಿತು.

ನಾಲ್ಕು ಊರಿನಿಂದ ನಾಲ್ಕು ಕುಟುಂಬ ಬಂದಿದ್ದರು. ನಾನು ಬಿಸಿಬೇಳೆ ಬಾತಿಗೆ ತುಪ್ಪ ಸುರೀತಿದ್ದೆ. ಷಿಕಾಗೋ ಗೆಳತಿ ಸುಮ್ಮನೆ ಒಂದು ಮಾತು ಅಂದಳು, "ಏನೇ ಹೇಳು, ಅಮೆರಿಕದಲ್ಲಿ ಊಟ ಅಂದ್ರೆ ನಮ್ಮೂರೇ." ಅಷ್ಟೇ. ಬಾತ್ ಆರಿ ಗಟ್ಟಿಯಾಗುವವರೆಗೆ ಯಾರೂ ತಟ್ಟೆಗೆ ಕೈ ಹಾಕಲಿಲ್ಲ.

ಇದು ಬರೀ ಹರಟೆ ಆಗಿದ್ದರೆ ನಿಮ್ಮ ಮುಂದೆ ತರುತ್ತಿರಲಿಲ್ಲ. ಮೇಜಿನ ಮೂಲೆಯಲ್ಲಿ ನನ್ನ ಮಗಳು ಕೂತಿದ್ದಳು. ಅಕೌಂಟಿಂಗ್ ಓದಿ, ಎರಡು ವರ್ಷ ಒಳ್ಳೆಯ ಕೆಲಸದಲ್ಲಿದ್ದು, ಅದನ್ನು ಬಿಟ್ಟು ಅಡುಗೆ ಶಾಲೆಗೆ ಸೇರಿದವಳು. ಈಗ ಅವಳ ಮುಂದೆ ಎರಡು ಕೆಲಸ ಇದ್ದವು, ಒಂದು ನ್ಯೂಯಾರ್ಕ್‌ನ ಹೋಟೆಲಿನಲ್ಲಿ, ಇನ್ನೊಂದು ಹೂಸ್ಟನ್‌ನಲ್ಲಿ. ಎರಡರಲ್ಲೂ ಈರುಳ್ಳಿ ಹೆಚ್ಚುವುದರಿಂದ ಶುರು. ನಮ್ಮ ಯಜಮಾನರೂ ಲೆಕ್ಕಪತ್ರದವರೇ. ಮಗಳು ತಮ್ಮ ದಾರಿ ಬಿಟ್ಟು ಸೌಟು ಹಿಡಿದ ದಿನದಿಂದ ಅವರು ಆ ವಿಷಯ ಎತ್ತಿದರೆ ಎದ್ದು ಹೋಗಿ ಟೀವಿ ಹಾಕ್ತಿದ್ದರು. ಜಗಳ ಆಡಿದ್ದರೆ ವಾಸಿಯಿತ್ತು. ಒಂದು ವರ್ಷದ ಮೌನ ಇದೆಯಲ್ಲ, ಅದನ್ನು ಬಡಿಸಿಕೊಂಡು ಉಣ್ಣೋದು ಕಷ್ಟ.

ಇರಲಿ, ಜಗಳಕ್ಕೆ ಬರ್ತೀನಿ.

ಷಿಕಾಗೋದವಳ ವಾದ ಪಿಜ್ಜಾದ ಮೇಲೆ ನಿಂತಿತ್ತು. 1943ರಲ್ಲಿ ಶುರುವಾದ ಪಿಜ್ಜೇರಿಯಾ ಊನೋದ ಆಳ ತಟ್ಟೆಯ ಪಿಜ್ಜಾ, ಡೆವಾನ್ ಅವೆನ್ಯೂ ತುಂಬ ನಮ್ಮವರ ಅಂಗಡಿ. "ಅದು ಪಿಜ್ಜಾನೋ ಕಡುಬೋ?" ಅಂತ ನನ್ನ ಭಾವ ಕೇಳಿದ್ದೇ ಅವಳ ಮುಖ ಕೆಂಪಾಯಿತು. ಭಾವ ಇರೋದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ. ಅವರ ಪ್ರಕಾರ ಏಳನೇ ನಂಬರ್ ರೈಲು ಹತ್ತಿದರೆ ಸಾಕು. ಜಾಕ್ಸನ್ ಹೈಟ್ಸ್‌ನಲ್ಲಿ ಇಳಿದರೆ ನೇಪಾಳಿ, ಟಿಬೆಟಿನ ಮೊಮೊ, ಕರೋನಾದಲ್ಲಿ ಮೆಕ್ಸಿಕೋದ ಟ್ಯಾಕೊ, ಕೊನೆಯ ನಿಲ್ದಾಣ ಫ್ಲಶಿಂಗ್‌ನಲ್ಲಿ ಚೀನಾದ ನೂಡಲ್ಸ್. ಅಲ್ಲಿಂದ ನಡೆದರೆ ಗಣೇಶನ ಗುಡಿ, ಗುಡಿಯ ನೆಲಮಾಳಿಗೆಯಲ್ಲಿ ಕ್ಯಾಂಟೀನು, ಕ್ಯಾಂಟೀನಿನಲ್ಲಿ ದೋಸೆ. ಆ ದೋಸೆಗೆ ನಾನೂ ಸಾಕ್ಷಿ. ಗುಡಿಗೆ ಹೋದವರಲ್ಲಿ ಎಷ್ಟು ಜನ ದೇವರ ಮುಖ ನೋಡ್ತಾರೆ, ಎಷ್ಟು ಜನ ನೇರ ಮೆಟ್ಟಿಲಿಳೀತಾರೆ ಅಂತ ಗಣೇಶನಿಗೇ ಗೊತ್ತು.

ಭಾವನ ಬತ್ತಳಿಕೆಯಲ್ಲಿ ಇನ್ನೊಂದು ಬಾಣ ಇತ್ತು. ಮ್ಯಾನ್‌ಹ್ಯಾಟನ್‌ನ ಸೆಮ್ಮಾ ಹೋಟೆಲಿಗೆ 2022ರಲ್ಲಿ ಮಿಶೆಲಿನ್ ನಕ್ಷತ್ರ ಬಂತು, 2025ರಲ್ಲಿ ಅಲ್ಲಿನ ಬಾಣಸಿಗ ವಿಜಯ್ ಕುಮಾರ್ ಅವರಿಗೆ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ತಮಿಳುನಾಡಿನ ಹಳ್ಳಿಯ ಅಡುಗೆ, ಬಸವನಹುಳುವಿನ ಪಲ್ಯವೂ ಸೇರಿ, ಬೆಣ್ಣೆ ಕೆನೆ ಸುರಿಯದೆ ಹಾಗೇ ಬಡಿಸಿ ಗೆದ್ದವರು. "ಇದಕ್ಕಿಂತ ಇನ್ನೇನು ಬೇಕು?" ಅಂದರು ಭಾವ, ತಾವೇ ಬೇಯಿಸಿದವರ ಹಾಗೆ.

ಲಾಸ್ ಏಂಜಲೀಸಿನ ತಂಗಿ ವಿಡಿಯೋ ಕರೆಯಲ್ಲಿ ತೂರಿಬಂದಳು. ಊಟದ ಬಗ್ಗೆ ಬರೆದು ವಿಮರ್ಶೆಗೆ ಪುಲಿಟ್ಜರ್ ಪಡೆದ ಮೊದಲಿಗ ಜೊನಾಥನ್ ಗೋಲ್ಡ್ ಅವಳ ಊರಿನವನಂತೆ. ನಿಜ, 2007ರಲ್ಲಿ. ದೊಡ್ಡ ಹೋಟೆಲುಗಳ ಜೊತೆಗೆ ಟ್ಯಾಕೊ ಗಾಡಿ, ಕೊರಿಯಾದ ಸಣ್ಣ ಅಂಗಡಿಗಳ ಬಗ್ಗೆಯೂ ಅಷ್ಟೇ ಗೌರವದಿಂದ ಬರೆದ ಮನುಷ್ಯ. ಸ್ಯಾನ್ ಫ್ರಾನ್ಸಿಸ್ಕೋ ಪರವಾಗಿ ಯಾರೂ ಬಾಯಿ ಬಿಡಲಿಲ್ಲ, ಅಲ್ಲಿಂದ ಬಂದಿದ್ದವರಿಗೆ ಬಾಡಿಗೆಯದೇ ಚಿಂತೆ. ಯುನೆಸ್ಕೋದವರು ಅಮೆರಿಕದಲ್ಲಿ ಮೊದಲು 'ಪಾಕ ನಗರಿ' ಅಂತ ಕರೆದದ್ದು ಇವನ್ಯಾವುದನ್ನೂ ಅಲ್ಲ, ಅರಿಜೋನಾದ ಮರುಭೂಮಿಯ ಟೂಸಾನ್ ಅನ್ನು, 2015ರಲ್ಲಿ ಅಂತ ನಾನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅಲ್ಲಿ ಉಂಡವರು ಮೇಜಿನ ಸುತ್ತ ಒಬ್ಬರೂ ಇರಲಿಲ್ಲವಲ್ಲ!

ನನ್ನ ಮತ ಯಾವ ಊರಿಗೆ ಅಂತೀರಾ? ನಾನು ಸಸ್ಯಾಹಾರಿ, ಹಾಗಾಗಿ ನನ್ನ ತೀರ್ಪಿಗೆ ಅರ್ಧ ಬೆಲೆ. ಆದರೂ ಹೇಳ್ತೀನಿ, ನ್ಯೂ ಆರ್ಲಿಯನ್ಸ್. ಐದು ವರ್ಷದ ಹಿಂದೆ ಹೋಗಿದ್ದೆವು. ಅಲ್ಲಿ ಮುಕ್ಕಾಲು ಪಾಲು ನಾನು ತಿನ್ನೋ ಹಾಗಿಲ್ಲ, ಸೀಗಡಿ, ಸಾಸೇಜು, ಹಂದಿ. ಆದರೆ ಕಫೆ ದು ಮಾಂದ್‌ನಲ್ಲಿ ಬಿಸಿ ಹಾಲು ಬೆರೆಸಿದ ಕಾಫಿ ಕುಡಿದ ಯಜಮಾನರು ಲೋಟ ಕೆಳಗಿಟ್ಟು, "ಚಿಕೋರಿ ಕಣೇ!" ಅಂದರು. ಮೈಸೂರಿನಲ್ಲಿ ನಮ್ಮತ್ತೆ ಮಾಡುತ್ತಿದ್ದ ಕಾಫಿಯ ಅದೇ ಘಮ. ಫ್ರೆಂಚರಿಂದ ಬಂದ ರೂಢಿಯಂತೆ, ಅಂತರ್ಯುದ್ಧದಲ್ಲಿ ಕಾಫಿ ಬೀಜ ಸಿಗದಾದಾಗ ಇನ್ನಷ್ಟು ಗಟ್ಟಿಯಾಯಿತಂತೆ. ಜೊತೆಗೆ ಸಕ್ಕರೆ ಪುಡಿಯಲ್ಲಿ ಮುಳುಗಿಸಿದ ಬೆನ್ಯೇ. ಮಂಗಳೂರು ಬನ್ಸಿಗೆ ದೂರದ ನೆಂಟ ಅಂದುಕೊಳ್ಳಿ, ಬಾಳೆಹಣ್ಣು ಇಲ್ಲದ್ದು.

ಅಲ್ಲಿ ಸೋಮವಾರ ಅಂದರೆ ಕೆಂಪು ಕಾಳು ಮತ್ತು ಅನ್ನ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನ. ಭಾನುವಾರದ ಊಟದಲ್ಲಿ ಉಳಿದ ಮೂಳೆ ಹಾಕಿ ಕಾಳನ್ನು ಒಲೆಯ ಮೇಲಿಟ್ಟರೆ ಬಟ್ಟೆ ಹಿಂಡಿ ಒಣಹಾಕುವಷ್ಟರಲ್ಲಿ ತಾನೇ ಬೆಂದಿರುತ್ತಿತ್ತು. ಇದನ್ನು ಕಂಡುಹಿಡಿದವಳು ಖಂಡಿತ ಹೆಂಗಸೇ, ಅದಕ್ಕೆ ಪುರಾವೆ ಬೇಡ. ಮೂಳೆ ಬಿಟ್ಟು, ರಾಜ್ಮಾದಲ್ಲಿ ನಾನು ಈಗಲೂ ಸೋಮವಾರವೇ ಮಾಡ್ತೀನಿ.

ಅಲ್ಲೇ ಲಿಯಾ ಚೇಸ್ ಅಂತ ಒಬ್ಬ ಮಹಾತಾಯಿ ಇದ್ದರು. ಕರಿಯರು ಬಿಳಿಯರ ಜೊತೆ ಕೂತು ಉಣ್ಣುವುದೇ ಕಾನೂನಿಗೆ ವಿರುದ್ಧವಾಗಿದ್ದ ಕಾಲದಲ್ಲಿ ತಮ್ಮ ಡೂಕಿ ಚೇಸ್ ಹೋಟೆಲಿನ ಮಹಡಿಯ ಮೇಲೆ ಹಕ್ಕುಗಳ ಹೋರಾಟಗಾರರನ್ನು ಕೂರಿಸಿ ಬಡಿಸಿದವರು. ಗಂಬೋಗೆ ಖಾರದ ಸಾಸ್ ಸುರಿದುಕೊಂಡ ಒಬಾಮಾಗೇ ಗದರಿದ ಅಜ್ಜಿ. ಈಸ್ಟರ್ ಹಬ್ಬದ ಹಿಂದಿನ ಗುರುವಾರ ಅವರು ಹತ್ತಾರು ಬಗೆಯ ಸೊಪ್ಪು ಸೇರಿಸಿ ಹಸಿರು ಗಂಬೋ ಮಾಡುತ್ತಿದ್ದರು. ನಮ್ಮ ಬೆರಕೆ ಸೊಪ್ಪಿನ ಸಾರು ನೆನಪಾಗಿ ಬಾಯಲ್ಲಿ ನೀರೂರಿತು, ಆದರೆ ಅದರಲ್ಲೂ ಮಾಂಸ. ಹಾಳಾಗಲಿ. 2005ರ ಕತ್ರೀನಾ ಚಂಡಮಾರುತದಲ್ಲಿ ಹೋಟೆಲು ಮುಳುಗಿತ್ತು. ಎಂಬತ್ತು ದಾಟಿದ ಆ ಅಜ್ಜಿ ಮತ್ತೆ ಬಾಗಿಲು ತೆರೆದರು. ತೀರಿಕೊಂಡದ್ದು 2019ರಲ್ಲಿ.

ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳ್ತಿದ್ದಾಗ ಮಗಳು ಮೊದಲ ಸಲ ಬಾಯಿಬಿಟ್ಟಳು. "ನೀವೆಲ್ಲ ತಿನ್ನೋಕೆ ಯಾವ ಊರು ಅಂತ ಜಗಳ ಆಡ್ತಿದ್ದೀರ. ಬೇಯಿಸೋಕೆ ಯಾವ ಊರು ಅಂತ ಯಾರಾದ್ರೂ ಹೇಳಿ. ನನಗೆ ಅದು ಬೇಕು."

ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಭಾವನೇ ಸಾವರಿಸಿಕೊಂಡು, "ನ್ಯೂಯಾರ್ಕ್ ಅಲ್ಲದೆ ಇನ್ನೆಲ್ಲಮ್ಮ?" ಅಂದರು.

ಅವಳು ಲೆಕ್ಕ ಬಿಚ್ಚಿದಳು. ಅಪ್ಪನ ಮಗಳು! ನ್ಯೂಯಾರ್ಕ್‌ನಲ್ಲಿ ಕಲಿಯಬಹುದು, ಆದರೆ ತನ್ನದೇ ಒಂದು ಗಾಡಿ ಇಡಬೇಕು ಅಂದರೆ? 1983ರಲ್ಲಿ ಆ ನಗರ ತಿಂಡಿ ಗಾಡಿಗಳ ಪರವಾನಗಿಗೆ ಮಿತಿ ಹಾಕಿತು. ಆಮೇಲೆ ದಶಕಗಳ ಕಾಲ ಇನ್ನೂರು ಡಾಲರಿನ ಪರವಾನಗಿಯನ್ನು ಹೊಸಬರು ಸಾವಿರಾರು ಡಾಲರ್ ಕೊಟ್ಟು ಕಾಳಸಂತೆಯಲ್ಲಿ ಬಾಡಿಗೆಗೆ ಪಡೆಯಬೇಕಾಯಿತು. ಅಂಗಡಿ ಬಾಡಿಗೆ ಮಾತಂತೂ ಬೇಡವೇ ಬೇಡ. "ದುಡ್ಡಿದ್ದೋರು ಮಾತ್ರ ತಪ್ಪು ಮಾಡಬಹುದಾದ ಊರು ಅದು ದೊಡ್ಡಪ್ಪ. ನಾನು ಇನ್ನೂ ತುಂಬ ತಪ್ಪು ಮಾಡಬೇಕು."

ಹೂಸ್ಟನ್‌ನಲ್ಲಿ ಯಾವ ಜಾಗದಲ್ಲಿ ಏನು ಕಟ್ಟಬೇಕು ಅನ್ನುವ ವಲಯ ಕಾನೂನೇ ಇಲ್ಲ. ಟೈರ್ ಅಂಗಡಿ, ಉಗುರಿಗೆ ಬಣ್ಣ ಹಚ್ಚೋ ಅಂಗಡಿ, ನಡುವೆ ಹೋಟೆಲು. ನೋಡೋಕೆ ಚೆಂದ ಇಲ್ಲ, ಆದರೆ ಹೊಸಬರು ಕಾಲೂರಬಹುದು. 1975ರ ಯುದ್ಧ ಮುಗಿದ ಮೇಲೆ ವಿಯೆಟ್ನಾಮಿನ ನಿರಾಶ್ರಿತರು ಬಂದು ಅಲ್ಲಿನ ಕರಾವಳಿಯಲ್ಲಿ ಸೀಗಡಿ ಹಿಡಿದರು. ಆಮೇಲೆ ಲೂಸಿಯಾನಾದವರ ಸಿಹಿನೀರ ಸೀಗಡಿಗೆ ಬೆಳ್ಳುಳ್ಳಿ, ಬೆಣ್ಣೆ ಹಾಕಿ ಹೊಸದೊಂದು ಅಡುಗೆಯನ್ನೇ ಮಾಡಿದರು. ಈಗ ಅದು ಹೂಸ್ಟನ್ನಿನ ಹೆಮ್ಮೆ. 2024ರಲ್ಲಿ ಮಿಶೆಲಿನ್‌ನವರು ಮೊದಲ ಸಲ ಟೆಕ್ಸಾಸಿಗೆ ಬಂದಾಗ ನಕ್ಷತ್ರ ಸಿಕ್ಕಿದ್ದರಲ್ಲಿ ತತೆಮೋ ಅನ್ನುವ ಪುಟ್ಟ ಮೆಕ್ಸಿಕನ್ ಹೋಟೆಲೂ ಒಂದು. ಅಂಥದೇ ಅಂಗಡಿ ಸಾಲಿನಲ್ಲಿದೆ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬುವುದೇ ಅವರ ದೊಡ್ಡ ವಿದ್ಯೆ. "ರುಬ್ಬೋದು ನಮಗೆ ಹೊಸದಾ ಅಮ್ಮ?" ಅಂದಳು.

ನಾನು ಸಿಗಡಿ, ಬೆಣ್ಣೆ ಅಂದಲ್ಲೇ ನಿಂತಿದ್ದೆ. ಮುಚ್ಚುಮರೆ ಏಕೆ, ಮಡಿ ಉಟ್ಟು ಅಡುಗೆ ಮಾಡಿದ ಅಜ್ಜಿಯ ಮೊಮ್ಮಗಳು ನಾನು. ನನ್ನ ಮಗಳು ದಿನಾ ಅದನ್ನೆಲ್ಲ ಮುಟ್ಟಿ, ಕತ್ತರಿಸಿ, ರುಚಿ ನೋಡ್ತಾಳೆ ಅನ್ನೋದು ನನಗೆ ಇನ್ನೂ ಗಂಟಲಲ್ಲೇ ಇದೆ. ಯಜಮಾನರ ಮೌನದ ಬಗ್ಗೆ ಮೇಲೆ ದೂರು ಹೇಳಿದೆನಲ್ಲ, ನನ್ನದು ಮಾತಾಡುವ ಮೌನ ಅಷ್ಟೇ. ನ್ಯೂ ಆರ್ಲಿಯನ್ಸಿನ ಕಥೆ ಅಷ್ಟುದ್ದ ಹೇಳಿದ್ದೂ ಅದಕ್ಕೇ ಇರಬೇಕು.

ಆಗ ಯಜಮಾನರು ಎದ್ದರು. ಟೀವಿ ಕಡೆಗೆ ಹೊರಟರು ಅಂದುಕೊಂಡೆ. ನೀರಿನ ಜಗ್ ತಂದು ಮಗಳ ಲೋಟಕ್ಕೆ ಬಗ್ಗಿಸುತ್ತಾ, ಮುಖ ನೋಡದೆ ಕೇಳಿದರು, "ಹೂಸ್ಟನ್‌ನಲ್ಲಿ ಬಾಡಿಗೆ ಎಷ್ಟಂತೆ?"

ಷಿಕಾಗೋದವಳು ಅದೇ ಸಮಯಕ್ಕೆ ಹಾಟ್ ಡಾಗ್ ವಿಷಯ ಎತ್ತಿ ಜಗಳ ಮತ್ತೆ ಶುರುವಾಯಿತು. ಈ ಪ್ರಶ್ನೆ ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದು ಮೂವರಿಗೆ ಮಾತ್ರ.

ಜನವರಿಯಲ್ಲಿ ಅವಳು ಹೋದಳು. ಹೋದ ವಾರ ರಾತ್ರಿ ಹನ್ನೊಂದಕ್ಕೆ ಫೋನು. ಕೆಲಸದವರಿಗೆಲ್ಲ ಊಟಕ್ಕೆ ಏನಾದರೂ ಮಾಡು ಅಂತ ಮೇಲಿನವರು ಹೇಳಿದ್ದಾರಂತೆ, ಅವಳಿಗೆ ಸಾರು ಮಾಡುವ ಮನಸ್ಸು. ಮೂವತ್ತು ಜನಕ್ಕೆ ಪುಡಿಯ ಅಳತೆ ಬೇಕು. ನನ್ನ ಅಳತೆ ಎಲ್ಲ ಹಿಡಿ, ಚಿಟಿಕೆ, ಅಂಗೈ. ನಾನು ತಡವರಿಸುತ್ತಿದ್ದಾಗ ಯಜಮಾನರು ಹಾಸಿಗೆಯಿಂದ ಎದ್ದು ಅಡುಗೆಮನೆಗೆ ಹೋಗಿ, ತಕ್ಕಡಿ ತೆಗೆದು, ನನ್ನ ಒಂದು ಹಿಡಿ ಧನಿಯ ಎಷ್ಟು ಗ್ರಾಂ ಅಂತ ತೂಗಿ, ಕ್ಯಾಲ್ಕ್ಯುಲೇಟರಿನಲ್ಲಿ ಗುಣಿಸಿ ಬರೆಸತೊಡಗಿದರು. ಮೆಣಸು, ಜೀರಿಗೆ, ಒಣಮೆಣಸಿನಕಾಯಿ.

"ಮೆಂತ್ಯನ ಮಾತ್ರ ಹಾಗೆ ಗುಣಿಸಬೇಡಿ, ಕಹಿ ಆಗತ್ತೆ," ಅಂದೆ.

"ಎಷ್ಟು ಅಂತ ನೀನೇ ಹೇಳು ಮತ್ತೆ," ಅಂತ ಫೋನು ನನ್ನ ಕೈಗೆ ಕೊಟ್ಟರು.