ವಿಷದ ಡಬ್ಬ ಹೂಳುವುದು ರೈತರ ಕೆಲಸವೇ?

ಬೇಲೂರು, ಹಳೇಬೀಡು ಕಡೆ ಶುಂಠಿ ಹೊಲದ ಬದುವಿನ ಮೇಲೆ ಒಮ್ಮೆ ನಡೆದು ನೋಡಿ. ಅರಸೀಕೆರೆ ಕಡೆಯ ತರಕಾರಿ ಹೊಲಗಳಲ್ಲೂ ಅಷ್ಟೇ. ಔಷಧಿ ಹೊಡೆದು ಮುಗಿದ ಮೇಲೆ ಖಾಲಿ ಬಾಟಲಿ ಬೇಲಿ ಸಂದಿಗೆ, ಇಲ್ಲವೇ ಹಳ್ಳಕ್ಕೆ. ರೈತರಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣ ಮಾಡುವವರನ್ನು ನಾವು ಕೇಳುತ್ತೇವೆ: ಮತ್ತೆಲ್ಲಿಗೆ ಹಾಕಬೇಕು ಸ್ವಾಮಿ?

1971ರ ಕೀಟನಾಶಕ ನಿಯಮದಲ್ಲಿ ಉತ್ತರ ಇದೆ: ಒಡೆದು, ಜನವಸತಿಯಿಂದ ದೂರ ಹೂಳಿ. ದೂರ ಅಂದರೆ ಯಾರದೋ ಹೊಲವೇ ತಾನೇ? ಅಲ್ಲೂ ಬೋರ್‌ವೆಲ್ ಇರುತ್ತದೆ. ಕಾರ್ಖಾನೆಯಲ್ಲಿ ವಿಷದ ರಾಸಾಯನಿಕ ಅಂಟಿದ ಖಾಲಿ ಡ್ರಮ್ಮು 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹೊಲಕ್ಕೆ ಬಂದ ಕೂಡಲೇ ವಿಷ ಇಳಿದುಹೋಗುತ್ತದೆಯೇ?

ಸಣ್ಣ ಬಾಟಲಿಗೆ ಇಷ್ಟು ಗಲಾಟೆ ಏಕೆ ಎನ್ನುವವರು ಕೋಲಾರದ ಕೆಜಿಎಫ್ ನೋಡಿ ಬರಲಿ. ನೂರಕ್ಕೂ ಹೆಚ್ಚು ವರ್ಷ ಚಿನ್ನ ತೆಗೆದು, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದರು. ಸೈನೈಡ್ ಹಾಕಿ ಚಿನ್ನ ತೆಗೆದ ಮೇಲಿನ ಮಣ್ಣು, ಸುಮಾರು 3.3 ಕೋಟಿ ಟನ್, 13 ದಿಬ್ಬಗಳಾಗಿ ಉಳಿಯಿತು. ಗಾಳಿ ಎದ್ದರೆ ಧೂಳು ಮನೆಯೊಳಗೆ. 2024ರಲ್ಲಿ ಆ ದಿಬ್ಬಗಳಲ್ಲಿ ಮಿಕ್ಕ ಚಿನ್ನ ತೆಗೆಯಲು ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಚಿನ್ನಕ್ಕೆ ವಾರಸುದಾರರಿದ್ದಾರೆ, ಧೂಳಿಗೆ ಯಾರೂ ಇಲ್ಲ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆ ಹೊಸ ನಿಯಮ ತಂದಿದೆ. ಕೆಡಿಸಿದವರೇ ಖರ್ಚು ಕೊಡಬೇಕು, ಅವರು ಸಿಗದಿದ್ದರೆ ಸರ್ಕಾರ ಭರಿಸಬೇಕು. ಇದು ಒಳ್ಳೆಯದೇ. ಆದರೆ ಗಣಿಯ ಮಾಲಿನ್ಯವನ್ನೂ ಊರ ಕಸದ ಗುಡ್ಡೆಯನ್ನೂ ಬಹುಮಟ್ಟಿಗೆ ಹೊರಗಿಟ್ಟಿದ್ದಾರೆ. ಜಾಗ ಪರೀಕ್ಷಿಸಲು ಗಡುವು ಇದೆ, ಸ್ವಚ್ಛ ಮಾಡಿ ಮುಗಿಸಲು ಗಡುವಿಲ್ಲ. ನಿಯಮ ಬಂದಾಗ ದೇಶದಲ್ಲಿ ಗುರುತಿಸಿದ್ದ 103 ಸ್ಥಳಗಳಲ್ಲಿ ಕೆಲಸ ಶುರುವಾಗಿದ್ದು 7ರಲ್ಲಿ ಮಾತ್ರ. ಗಡುವಿಲ್ಲದ ಕೆಲಸ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಬೇರೆ ಹೇಳಬೇಕೆ?

ಹಾಗಾಗಿ ನಮ್ಮ ಬೇಡಿಕೆ ಮೂರು. ಗಣಿ ದಿಬ್ಬಗಳನ್ನು ಪೂರ್ತಿಯಾಗಿ ನಿಯಮದೊಳಗೆ ತನ್ನಿ. ಸ್ವಚ್ಛತೆ ಮುಗಿಸಲು ದಿನಾಂಕ ಬರೆಯಿರಿ. ಔಷಧಿ ಮಾರಿದ ಅಂಗಡಿಯೇ ಖಾಲಿ ಡಬ್ಬ ವಾಪಸ್ ಪಡೆಯಲಿ, ಖರ್ಚು ಕಂಪನಿ ಕೊಡಲಿ. ಅದೆಲ್ಲ ಆಗದ ಮಾತು ಎನ್ನಬೇಡಿ. ಹಳ್ಳಿಹಳ್ಳಿಯ ಡೇರಿಯಲ್ಲಿ ಬೆಳಿಗ್ಗೆ, ಸಂಜೆ ಹಾಲು ಅಳೆದು ಸಾಗಿಸುವ ಜಿಲ್ಲೆ ನಮ್ಮದು. ವರ್ಷಕ್ಕೆ ಎರಡು ಸಲ ಖಾಲಿ ಬಾಟಲಿ ಸಾಗಿಸಲು ಆಗುವುದಿಲ್ಲವೇ?

ಹೊಸ ನಿಯಮದಲ್ಲಿ ನಮ್ಮ ಕೈಗೂ ಒಂದು ಹಿಡಿಕೆ ಸಿಕ್ಕಿದೆ. ಸಾರ್ವಜನಿಕರು ದೂರು ಕೊಟ್ಟರೆ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅನುಮಾನದ ಜಾಗಗಳ ಪಟ್ಟಿ ಮಾಡಿ, ಆರು ತಿಂಗಳಿಗೊಮ್ಮೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು. ಫೋನ್ ನಿಮ್ಮ ಕೈಯಲ್ಲೇ ಇದೆ. ಫೋಟೊ ತೆಗೆಯಿರಿ, ಸರ್ವೆ ನಂಬರ್ ಬರೆಯಿರಿ, ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಕೊಡಿ. ಸ್ವೀಕೃತಿ ಪಡೆಯದೆ ಮಾತ್ರ ಎದ್ದು ಬರಬೇಡಿ.