ಊರ ತಂಡದ ಆಟಗಾರನಿಗೆ ಹಣ ಕೊಡಬೇಕೇ?

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹೊನಲು ಬೆಳಕಿನ ವಾಲಿಬಾಲ್ ಮತ್ತು ಕಬಡ್ಡಿಯ ಹಂಗಾಮೂ ಶುರುವಾಗುತ್ತದೆ. ಮಳೆ ಹಿಡಿಯುವ ತನಕ ಯುವಕ ಸಂಘಗಳು ಗದ್ದೆಬಯಲಲ್ಲಿ, ಶಾಲೆಯ ಅಂಗಳದಲ್ಲಿ ಅಂಕಣ ಹಾಕುತ್ತವೆ, ಕರಪತ್ರ ಹಂಚುತ್ತವೆ, ಪ್ರವೇಶ ಶುಲ್ಕ ಕಟ್ಟಿಸಿಕೊಂಡು ನಗದು ಬಹುಮಾನಕ್ಕೂ ಟ್ರೋಫಿಗೂ ಆಡಿಸುತ್ತವೆ. ಇವೆಲ್ಲ ಹವ್ಯಾಸಿ ಪಂದ್ಯಗಳೆಂದೇ ಲೆಕ್ಕ. ಆದರೆ ಗೆಲ್ಲಲೇಬೇಕೆಂದು ಹಟ ಹಿಡಿದ ತಂಡ ಹೊರಗಿನಿಂದ ಅತಿಥಿ ಆಟಗಾರನನ್ನು ಕರೆಸುವುದು, ಪ್ರಯಾಣದ ಖರ್ಚಿನ ಮೇಲೆ ಅವನ ಕೈಗೆ ಒಂದಿಷ್ಟು ಹಣ ಇಡುವುದು ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ ಗುಟ್ಟಾಗಿ ಉಳಿದಿಲ್ಲ. ವರ್ಷವಿಡೀ ಅದೇ ತಂಡಕ್ಕೆ ಆಡುವ ಊರಿನ ಹುಡುಗನಿಗೆ ಮಾತ್ರ ಜೆರ್ಸಿ ಮತ್ತು ಊಟ. ಹಾಗಾದರೆ ಊರ ತಂಡಗಳು ಆಟಗಾರರಿಗೆ ಹಣ ಕೊಡಬೇಕೇ? ಕೊಟ್ಟರೆ ಪ್ರತಿಭೆ ಊರಲ್ಲಿ ಉಳಿದೀತೇ?

ಪರ

ಮೊದಲು ನಷ್ಟದ ಲೆಕ್ಕ ಹಾಕಬೇಕು. ಈ ಮೂರು ತಾಲೂಕುಗಳಲ್ಲಿ ಅಂಕಣಕ್ಕಿಳಿಯುವ ಹುಡುಗರಲ್ಲಿ ಬಹಳಷ್ಟು ಮಂದಿ ದಿನಗೂಲಿಯವರು: ತೋಟದ ಆಳುಗಳು, ಕೊನೆ ಕೊಯ್ಯುವವರು, ಗಾರೆ ಕೆಲಸದವರು, ಗ್ಯಾರೇಜಿನಲ್ಲಿ ದುಡಿಯುವವರು, ಟೆಂಪೋ ಓಡಿಸುವವರು. ಪಂದ್ಯಾವಳಿಯ ಹಂಗಾಮೂ ಕೊಯ್ಲಿನ ಹಂಗಾಮೂ ಒಂದರ ಮೇಲೊಂದು ಬೀಳುತ್ತವೆ. ಕೊನೆಗೌಡನಿಗೆ ಕೈತುಂಬ ಕೂಲಿ ಸಿಗುವ ತಿಂಗಳುಗಳೇ ಕಬಡ್ಡಿಯ ತಿಂಗಳುಗಳು. ನಡುರಾತ್ರಿ ದಾಟುವ ತನಕ ಆಡಿದವನು ಬೆಳಿಗ್ಗೆ ಅಡಿಕೆ ಮರ ಹತ್ತಲಾರ, ಹತ್ತಲೂಬಾರದು. ಅಲ್ಲಿಗೆ ಒಂದು ದಿನದ ಕೂಲಿ ಹೋಯಿತು. ಮೊಣಕಾಲಿನ ಲಿಗಮೆಂಟ್ ಹರಿದರೆ ಹೋಗುವುದು ಇಡೀ ಹಂಗಾಮಿನ ಸಂಪಾದನೆ. ಹಿಡಿತ, ತಿರುವು, ಜಿಗಿತಗಳ ಕಬಡ್ಡಿಯಲ್ಲಿ ಅದು ಅಪರೂಪದ ಗಾಯವೇನಲ್ಲ. ಉತ್ತರ ಕನ್ನಡವು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗಿಕೊಂಡು ಬಂದ ಜಿಲ್ಲೆ. ಪೆಟ್ಟು ದೊಡ್ಡದಾದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರಿನ ದಾರಿಯೇ ಗತಿ. ಆಟದ ಪ್ರೀತಿ ಎಷ್ಟೇ ಇರಲಿ, ಮದುವೆಯಾಗಿ ಮಗುವಾದವನು ಈ ಲೆಕ್ಕ ಹಾಕಿಯೇ ಹಾಕುತ್ತಾನೆ, ಹಾಕಿ ಆಟ ಬಿಡುತ್ತಾನೆ. ನಾವು ಅದಕ್ಕೆ ಆಸಕ್ತಿ ಕಡಿಮೆಯಾಯಿತು ಎಂದು ಹೆಸರಿಡುತ್ತೇವೆ.

ಇದೇ ಲೆಕ್ಕ ಒಂದು ಜಾಗತಿಕ ಆಟವನ್ನು ಎರಡಾಗಿ ಒಡೆದ ಚರಿತ್ರೆ ಇದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ರಗ್ಬಿ ಆಡುತ್ತಿದ್ದವರು ಗಣಿ ಮತ್ತು ಗಿರಣಿಯ ಕಾರ್ಮಿಕರು. ಶನಿವಾರ ಪಂದ್ಯಕ್ಕೆ ಹೋದರೆ ಆ ಹೊತ್ತಿನ ಕೂಲಿ ಕಡಿತ. ಕಳೆದುಹೋದ ಕೂಲಿಯನ್ನಷ್ಟೇ ತುಂಬಿಕೊಡಲು ಬಿಡಿ ಎಂದು ಅಲ್ಲಿನ ಕ್ಲಬ್ಬುಗಳು ಕೇಳಿದವು. ಹಣದ ಚಿಂತೆಯಿಲ್ಲದ ದಕ್ಷಿಣದ ಮಹನೀಯರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್ಬುಗಳು ನಾರ್ದರ್ನ್ ಯೂನಿಯನ್ ಕಟ್ಟಿಕೊಂಡು ಹೊರನಡೆದವು. ಅದೇ ಮುಂದೆ ರಗ್ಬಿ ಲೀಗ್ ಆಯಿತು. ದಿನಕ್ಕೆ ಆರು ಶಿಲಿಂಗ್ ಮೀರಬಾರದು ಎಂಬುದು ಅವರೇ ಹಾಕಿಕೊಂಡ ಮಿತಿ. ಹಣ ಮುಟ್ಟಬಾರದೆಂದು ಪಟ್ಟು ಹಿಡಿದ ರಗ್ಬಿ ಯೂನಿಯನ್ ನೂರು ವರ್ಷ ಹಾಗೇ ಉಳಿಯಿತು. ಆ ನೂರು ವರ್ಷಗಳಲ್ಲಿ ವೇಲ್ಸ್‌ನ ಗಣಿ ಊರುಗಳು ತಮ್ಮ ಒಳ್ಳೊಳ್ಳೆಯ ಆಟಗಾರರನ್ನು ಒಬ್ಬೊಬ್ಬರಾಗಿ ಉತ್ತರದ ಲೀಗ್ ಕ್ಲಬ್ಬುಗಳಿಗೆ ಕಳೆದುಕೊಂಡವು. 1989ರಲ್ಲಿ ವಿಡ್ನೆಸ್ ಸೇರಿದ ಜೊನಾಥನ್ ಡೇವಿಸ್ ಅವರಲ್ಲಿ ಹೆಸರುವಾಸಿ. ಕೊನೆಗೆ 1995ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಆಡಳಿತ ಮಂಡಳಿ ಆಟವನ್ನು ಎಲ್ಲರಿಗೂ ಮುಕ್ತ ಎಂದು ಸಾರಿತು. ಕೂಲಿ ತುಂಬಿಕೊಡದೆ ಹೋದದ್ದರಿಂದ ಆಟದ ಶುದ್ಧಿ ಉಳಿಯಲಿಲ್ಲ, ಆಟಗಾರರೂ ಉಳಿಯಲಿಲ್ಲ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಂಚಿನ ಸಿದ್ದಿ ಮಕ್ಕಳನ್ನು ಭಾರತೀಯ ಕ್ರೀಡಾ ಪ್ರಾಧಿಕಾರ 1987ರ ಸುಮಾರಿಗೆ ವಿಶೇಷ ಪ್ರದೇಶ ಕ್ರೀಡಾ ಯೋಜನೆಗೆ ಆರಿಸಿಕೊಂಡಿತು. ಮಾರ್ಗರೆಟ್ ಆಳ್ವ ಆಗ ಕೇಂದ್ರದಲ್ಲಿ ಕ್ರೀಡಾ ಖಾತೆಯ ರಾಜ್ಯ ಸಚಿವೆ. ಹಾಸ್ಟೆಲ್, ಊಟ, ತರಬೇತಿ ಸಿಕ್ಕಿದ ಕೆಲವೇ ವರ್ಷಗಳಲ್ಲಿ ರಾಷ್ಟ್ರಮಟ್ಟದಲ್ಲಿ ಪದಕ ಗೆಲ್ಲುವ ಓಟಗಾರರು ಅಲ್ಲಿಂದ ಬಂದರು. 1993ರಲ್ಲಿ ಯೋಜನೆ ನಿಂತಿತು. ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದವರು ದಡ ಸೇರಿದರು. ಉಳಿದವರು ಕೂಲಿಗೆ, ಹೊಲಕ್ಕೆ ಮರಳಿದರು. ಪ್ರತಿಭೆ ಎಲ್ಲಿಗೂ ಹೋಗಿರಲಿಲ್ಲ, ಅದನ್ನು ಸಾಕುವ ಕೈ ಹಿಂದೆ ಸರಿದಿತ್ತು. ಇನ್ನು ಹಣ ಮುಟ್ಟಿದರೆ ಹವ್ಯಾಸ ಕೆಡುತ್ತದೆ ಎನ್ನುವವರು ನಮ್ಮ ಯಕ್ಷಗಾನದತ್ತ ನೋಡಬೇಕು. ಶಿರಸಿ, ಸಿದ್ದಾಪುರದ ಹವ್ಯಾಸಿ ಆಟಗಳಲ್ಲೂ ವೀಳ್ಯ ಕೊಟ್ಟು ಭಾಗವತರನ್ನು, ಮದ್ದಳೆಯವರನ್ನು, ಅತಿಥಿ ವೇಷಧಾರಿಗಳನ್ನು ಕರೆಸುತ್ತಾರೆ; ಸಂಭಾವನೆ ಪಡೆದ ಕಾರಣಕ್ಕೆ ಅವರ ಕಲಾಭಕ್ತಿ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ. ರಂಗಸ್ಥಳದಲ್ಲಿ ಗೌರವವಾದದ್ದು ಅಂಕಣದಲ್ಲಿ ಕಳಂಕವಾಗಲು ಕಾರಣವೇ ಇಲ್ಲ.

ವಿರೋಧ

ವಿರೋಧದ ಕಡೆಯ ಮಾತು ಕೇವಲ ಹಳೆಯ ಆದರ್ಶದ ಮಾತಲ್ಲ, ಅದರಲ್ಲಿ ಅನುಭವವಿದೆ. ಹಣ ಬಂದ ಕೂಡಲೇ ಅದು ಹರಿಯುವುದು ಊರಿನ ಹುಡುಗನ ಕಡೆಗಲ್ಲ, ಹೆಸರಿದ್ದವನ ಕಡೆಗೆ. ಸಂಘದ ಬಳಿ ಹತ್ತು ಸಾವಿರ ಇದೆ ಎಂದುಕೊಳ್ಳಿ. ಹನ್ನೆರಡು ಜನರಿಗೆ ಹಂಚಿದರೆ ತಲೆಗೆ ಸಾವಿರವೂ ಬರುವುದಿಲ್ಲ, ಇಬ್ಬರು ಅತಿಥಿಗಳಿಗೆ ಕೊಟ್ಟರೆ ಟ್ರೋಫಿ ಬರುತ್ತದೆ. ಸಮಿತಿ ಯಾವುದನ್ನು ಆರಿಸೀತೆಂದು ಹೇಳಬೇಕಾಗಿಲ್ಲ. ಏಳು ಜನ ಆಡುವ ಆಟದಲ್ಲಿ ಇಬ್ಬರು ಅತಿಥಿಗಳು ಬಂದರೆ ಬೆಂಚಿಗೆ ಹೋಗುವವರು ಹದಿನೆಂಟು ಹತ್ತೊಂಬತ್ತರ ಊರ ಹುಡುಗರೇ. ಪ್ರತಿಭೆ ಉಳಿಸಲೆಂದು ತಂದ ಹಣ ಅದನ್ನು ಚಿಗುರಿನಲ್ಲೇ ಚಿವುಟುತ್ತದೆ. ಪಕ್ಕದೂರಿನ ಸಂಘವೂ ಪೈಪೋಟಿಗೆ ಬಿದ್ದರೆ ದೇಣಿಗೆ ಎತ್ತಬೇಕು, ರಾಜಕಾರಣಿಯ ಮನೆ ಬಾಗಿಲು ತಟ್ಟಬೇಕು. ಚುನಾವಣೆ ಮುಗಿದ ವರ್ಷ ತಂಡವೇ ಇರುವುದಿಲ್ಲ. ವೃತ್ತಿಪರವಾದ ಇಂಗ್ಲಿಷ್ ರಗ್ಬಿಯಲ್ಲೇ ವೂಸ್ಟರ್ ಮತ್ತು ವಾಸ್ಪ್ಸ್ 2022ರಲ್ಲಿ, ಲಂಡನ್ ಐರಿಶ್ 2023ರಲ್ಲಿ ಸಾಲದಲ್ಲಿ ಮುಳುಗಿ ಲೀಗಿನಿಂದಲೇ ಹೊರಬಿದ್ದವು. ಟಿಕೆಟ್ ಮತ್ತು ಟಿವಿಯ ಆದಾಯ ಇದ್ದವರ ಗತಿ ಹೀಗಾದರೆ ಪ್ರವೇಶ ಶುಲ್ಕ ನಂಬಿದ ಯುವಕ ಸಂಘದ ಗತಿಯೇನು? ಪಂಜಾಬಿನ ವೃತ್ತ ಕಬಡ್ಡಿಯಲ್ಲಿ ದೊಡ್ಡ ಹಣದ ಜೊತೆ ಪುಂಡರ ಗುಂಪುಗಳೂ ಹೊಕ್ಕವು. 2022ರ ಮಾರ್ಚ್‌ನಲ್ಲಿ ಜಲಂಧರ್ ಜಿಲ್ಲೆಯಲ್ಲಿ ಪಂದ್ಯಾವಳಿ ನಡೆಯುತ್ತಿದ್ದಲ್ಲೇ ಒಬ್ಬ ಹೆಸರಾಂತ ಆಟಗಾರನನ್ನು ಗುಂಡಿಟ್ಟು ಕೊಂದರು.

ಇನ್ನೊಂದು ವಾದ ಹೆಚ್ಚು ಗಟ್ಟಿಯದು. ಶಿರಸಿ ಶೈಕ್ಷಣಿಕ ಜಿಲ್ಲೆಯ ಶಾಲಾ ಕ್ರೀಡಾಕೂಟಗಳಲ್ಲಿ ಮಿಂಚಿದ ಹುಡುಗ ಹುಡುಗಿಯರು ಮೂಡುಬಿದಿರೆಯ ಆಳ್ವಾಸ್‌ಗೆ, ಉಜಿರೆಯ ಎಸ್‌ಡಿಎಂಗೆ, ಧಾರವಾಡದ ಕ್ರೀಡಾ ಪ್ರಾಧಿಕಾರದ ಕೇಂದ್ರಕ್ಕೆ ಹೋದರೆ ಅದು ನಷ್ಟವೇ? ಅಲ್ಲಿ ಅವರಿಗೆ ಓದು, ಊಟ, ತರಬೇತಿ ಸಿಗುತ್ತದೆ. ಊರ ಸಂಘ ಕೊಡುವ ಐದುನೂರಕ್ಕೆ ಆಸೆಪಟ್ಟು ಅವರು ಇಲ್ಲೇ ಉಳಿದರೆ ಅದೇ ನಿಜವಾದ ನಷ್ಟ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾಗಿ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅವರ ಆಟಕ್ಕೆ ಆಸರೆಯಾಗಿ ನಿಂತದ್ದು ರೈಲ್ವೆಯ ನೌಕರಿ, ಪಂದ್ಯದ ರಾತ್ರಿ ಕೈಗೆ ಬರುವ ನೋಟುಗಳಲ್ಲ. ಪ್ರೊ ಕಬಡ್ಡಿಯ 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ 2.60 ಕೋಟಿ ರೂಪಾಯಿ ದಾಟಿತು. ಆ ಏಣಿಯ ಕೆಳಗಿನ ಮೆಟ್ಟಿಲಲ್ಲಿ ನಿಂತವನನ್ನು ಹಣದಿಂದ ಹಿಡಿದಿಡಲು ಯಾವ ಊರಿಗೂ ಸಾಧ್ಯವಿಲ್ಲ. ಹಣವಿಲ್ಲದೆಯೂ ಆಟ ಬೆಳೆಯುತ್ತದೆ ಎಂಬುದಕ್ಕೆ ಐರ್ಲೆಂಡ್ ಸಾಕ್ಷಿ. 1884ರಲ್ಲಿ ಹುಟ್ಟಿದ ಅಲ್ಲಿನ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇಂದಿಗೂ ಆಟಗಾರರಿಗೆ ಸಂಬಳ ಕೊಡುವುದಿಲ್ಲ, ಆದರೂ ಫೈನಲ್ ದಿನ 82,300 ಜನ ಹಿಡಿಸುವ ಡಬ್ಲಿನ್‌ನ ಕ್ರೋಕ್ ಪಾರ್ಕ್ ತುಂಬುತ್ತದೆ. ಅಲ್ಲಿ ಆಟಗಾರ ಆಡುವುದು ತಾನು ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೆ. ಅತಿಥಿಯನ್ನು ಬಾಡಿಗೆಗೆ ತರುವ ರೂಢಿ ಇಲ್ಲದ್ದರಿಂದ ಊರಿನ ಹುಡುಗನಿಗೆ ತನ್ನ ಜಾಗ ಖಾತ್ರಿ.

ನಷ್ಟಕ್ಕೆ ಹಣ, ಹೆಸರಿಗೆ ಬೇಡ

ಎರಡೂ ಕಡೆ ತೂಗಿ ನೋಡಿದರೆ ನಾನು ಪರ ನಿಲ್ಲುತ್ತೇನೆ, ಒಂದು ಗೆರೆ ಎಳೆದು. ಆಟಗಾರನ ಹೆಸರಿಗೆ ಬೆಲೆ ಕಟ್ಟುವ ಹಣವೂ, ಅವನು ಕಳೆದುಕೊಂಡದ್ದನ್ನು ತುಂಬಿಕೊಡುವ ಹಣವೂ ಬೇರೆ ಬೇರೆ. ವಿರೋಧದ ಕಡೆಯವರು ಎತ್ತಿದ ಕೇಡುಗಳೆಲ್ಲ ಮೊದಲನೆಯ ಬಗೆಯವು: ಹರಾಜು, ಅತಿಥಿ, ಪೈಪೋಟಿ, ಸಾಲ. ಎರಡನೆಯದರಲ್ಲಿ ಪೈಪೋಟಿಗೆ ಜಾಗವೇ ಇಲ್ಲ, ಒಂದು ದಿನದ ಕೂಲಿ ಎಷ್ಟೆಂಬುದು ಊರಿಗೆಲ್ಲ ಗೊತ್ತಿರುವ ಮೊತ್ತ. ಐರ್ಲೆಂಡಿನ ಉದಾಹರಣೆಯೂ ನನ್ನ ಮಾತನ್ನೇ ಬಲಪಡಿಸುತ್ತದೆ. ಆ ಸಂಸ್ಥೆ ಸಂಬಳ ಕೊಡದಿದ್ದರೂ ಗಾಯಾಳು ಆಟಗಾರರಿಗಾಗಿ ನಿಧಿ ಇಟ್ಟಿದೆ. ಬೇರೆಡೆಯಿಂದ ತುಂಬಿಬಾರದ ಚಿಕಿತ್ಸೆಯ ವೆಚ್ಚವನ್ನೂ, ಗಾಯದಿಂದ ಕೈತಪ್ಪಿದ ಕೂಲಿಯನ್ನೂ ಮಿತಿಯೊಳಗೆ ಭರಿಸುತ್ತದೆ. ಹವ್ಯಾಸವನ್ನು ಅಷ್ಟು ಕಟ್ಟುನಿಟ್ಟಾಗಿ ಕಾಯುವವರೇ ಈ ಸಾಲವನ್ನು ಒಪ್ಪಿಕೊಂಡಿದ್ದಾರೆ. ಹೊರಗೆ ಹೋಗುವ ಪ್ರತಿಭಾವಂತರನ್ನು ತಡೆಯುವುದು ಗುರಿಯೂ ಆಗಬಾರದು, ಅವರು ಹೋಗಲಿ. ಹೋಗಲಾಗದೆ ಇಲ್ಲೇ ದುಡಿಯುವವನು ಇಪ್ಪತ್ತೈದಕ್ಕೇ ಆಟ ಬಿಡುತ್ತಾನಲ್ಲ, ಉಳಿಸಿಕೊಳ್ಳಬೇಕಾದವನು ಅವನು. ಊರಿನ ಮುಂದಿನ ತಲೆಮಾರಿಗೆ ದಾಳಿ, ಹಿಡಿತ, ಸ್ಮ್ಯಾಷ್, ಬ್ಲಾಕ್ ಕಲಿಸುವವನೂ ಅವನೇ. ಹೆಣ್ಣುಮಕ್ಕಳ ಮಾತು ಇನ್ನೂ ಕಠಿಣ. ಕಾಲೇಜು ಮುಗಿದ ಮೇಲೆ ಅವರಿಗೆ ಆಡಲು ಊರ ತಂಡವೇ ಇರುವುದಿಲ್ಲ. ಅವರಿಗೆ ಮೊದಲು ಬೇಕಾದದ್ದು ರಾತ್ರಿ ಕ್ಷೇಮವಾಗಿ ಮನೆ ಮುಟ್ಟಿಸುವ ವಾಹನ ಮತ್ತು ಅದರ ಖರ್ಚು.

ಒಂದು ಆಕ್ಷೇಪಕ್ಕೆ ನೇರ ಉತ್ತರ ಕೊಡಲೇಬೇಕು. ಕೂಲಿ ತುಂಬಿಕೊಡುವುದರಿಂದ ಶುರುವಾದದ್ದು ಸಂಬಳಕ್ಕೆ ಜಾರುವುದಿಲ್ಲವೇ? ಜಾರಬಹುದು. ಆರು ಶಿಲಿಂಗಿನ ಮಿತಿ ಹಾಕಿದ ನಾರ್ದರ್ನ್ ಯೂನಿಯನ್ ಮೂರೇ ವರ್ಷದಲ್ಲಿ, 1898ರಲ್ಲಿ, ಸಂಬಳದ ಆಟಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಆಟಗಾರನಿಗೆ ಬೇರೊಂದು ನಿಜವಾದ ಕೆಲಸ ಇರಲೇಬೇಕೆಂಬ ನಿಯಮವನ್ನೂ ಜೊತೆಗಿಟ್ಟಿತು. ಅಲ್ಲಿ ಟಿಕೆಟ್ ಕೊಂಡು ಬರುವ ಸಾವಿರಾರು ಜನ ಇದ್ದರು. ನಮ್ಮ ಬಯಲಿನ ಪಂದ್ಯಕ್ಕೆ ಟಿಕೆಟ್ ಇಲ್ಲ, ಹಾಗಾಗಿ ಜಾರುವ ದಾರಿಯೂ ಉದ್ದವಿಲ್ಲ. ಆದರೂ ನಿಯಮ ಬರವಣಿಗೆಯಲ್ಲಿ ಇರಬೇಕು, ಕೊಟ್ಟ ಹಣ ಸಂಘದ ಲೆಕ್ಕದ ಪುಸ್ತಕದಲ್ಲಿ ಕಾಣಬೇಕು. ಕತ್ತಲಲ್ಲಿ ಕೊಡುವ ಲಕೋಟೆಯಿಂದಲೇ ಕೇಡು ಹುಟ್ಟುವುದು. ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಕರಪತ್ರದಲ್ಲೇ ಇದೆ. ಮೊದಲ ಬಹುಮಾನದ ದೊಡ್ಡ ಮೊತ್ತದಿಂದ ಒಂದು ಪಾಲು ತೆಗೆದು, ಆಳೆತ್ತರದ ಟ್ರೋಫಿಯನ್ನು ಮೊಣಕಾಲೆತ್ತರಕ್ಕೆ ಇಳಿಸಿದರೆ ಗಾಯಾಳು ನಿಧಿಗೆ ಬುನಾದಿ ಬೀಳುತ್ತದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಂತು, ಅಪಘಾತದ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂಪಾಯಿ ಪರಿಹಾರ. ಹನ್ನೆರಡು ಜನರ ತಂಡಕ್ಕೆ 240 ರೂಪಾಯಿ. ಲಿಗಮೆಂಟ್ ಗಾಯಕ್ಕೆ ಅದು ಸಾಲದು, ಅದಕ್ಕೇ ನಿಧಿ ಬೇಕು. ಆದರೆ ಅಷ್ಟನ್ನೂ ಮಾಡಿಸದೆ ಹುಡುಗರನ್ನು ಅಂಕಣಕ್ಕೆ ಇಳಿಸುವ ಸಮಿತಿಗೆ ಹವ್ಯಾಸದ ಪಾವಿತ್ರ್ಯದ ಬಗ್ಗೆ ಮಾತಾಡುವ ಹಕ್ಕಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಯುವಕ ಸಂಘಗಳಲ್ಲಿ ನನ್ನ ಬಿನ್ನಹ ಇಷ್ಟು: ಈ ಹಂಗಾಮಿನ ಕರಪತ್ರ ಅಚ್ಚಿಗೆ ಹೋಗುವ ಮುನ್ನ ಅದರಲ್ಲಿ ಮೂರು ಸಾಲು ಸೇರಿಸಿ. ತಂಡಕ್ಕೆ ಒಬ್ಬನಿಗಿಂತ ಹೆಚ್ಚು ಅತಿಥಿ ಆಟಗಾರರಿಗೆ ಅವಕಾಶವಿಲ್ಲ. ವಿಮೆ ಇಲ್ಲದ ಆಟಗಾರ ಅಂಕಣಕ್ಕೆ ಇಳಿಯುವಂತಿಲ್ಲ. ಆಟದಲ್ಲಿ ಗಾಯಗೊಂಡವನ ಕೂಲಿಯನ್ನು ಅವನು ಕೆಲಸಕ್ಕೆ ಮರಳುವ ತನಕ, ನಿಧಿಯಲ್ಲಿ ಇರುವಷ್ಟರ ಮಟ್ಟಿಗೆ, ಸಂಘಟಕರೇ ಕೊಡುತ್ತಾರೆ.